ಇನ್‌ಬಿಟ್ವೀನರ್ ಮಗಳಿಗೆ

ಪ್ರೀತಿಯ ಪುಟ್ಟೀ,

ಆನಿಮೇಷನ್ ಸ್ಟುಡಿಯೋದಲ್ಲಿ ಕೆಲಸ ಸಿಕ್ಕಿತು, ಆದರೆ ಬರೀ ಇನ್‌ಬಿಟ್ವೀನಿಂಗ್, ಎರಡು ಭಂಗಿಗಳ ನಡುವಿನ ಚಿತ್ರ ಬರೆಯೋದು ಅಷ್ಟೇ ಅಂತ ಫೋನಿನಲ್ಲಿ ಸಪ್ಪೆ ದನಿಯಲ್ಲಿ ಹೇಳಿದೆಯಲ್ಲ, ಅದು ಮನಸ್ಸಿನಲ್ಲೇ ಉಳಿಯಿತು. ಲಿಲಿಯನ್ ಫ್ರೀಡ್‌ಮನ್ ಎಂಬ ಕಾರ್ಟೂನು ಕಲಾವಿದೆಯ ಬಗ್ಗೆ ನಿನಗೆ ಹೇಳಲೇಬೇಕು.

1912ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದವಳು. ಅಮೆರಿಕದಲ್ಲಿ ಕೆಲಸವೇ ಸಿಗದಿದ್ದ 1930ರ ದಶಕದ ಆರಂಭದಲ್ಲಿ, ಬೆಟ್ಟಿ ಬೂಪ್ ಕಾರ್ಟೂನು ಮಾಡುತ್ತಿದ್ದ ಫ್ಲೈಷರ್ ಸ್ಟುಡಿಯೋಗೆ ಇಂಕರ್ ಆಗಿ ಸೇರಿದಳು. ಬೇರೆಯವರ ಪೆನ್ಸಿಲ್ ಗೆರೆಯ ಮೇಲೆ ಸೆಲ್ಯುಲಾಯ್ಡ್ ಹಾಳೆ ಇಟ್ಟು, ನಿಬ್ಬಿನಿಂದ ಅದೇ ಗೆರೆಯನ್ನು ತಿದ್ದುವ ಕೆಲಸ. ಬಣ್ಣವನ್ನು ಹಾಳೆಯ ಹಿಂಬದಿಗೆ ಬಳಿಯುತ್ತಿದ್ದರು, ಮುಂದಿನ ಗೆರೆ ಮುಚ್ಚಿಹೋಗಬಾರದಲ್ಲ.

ಅಲ್ಲಿಂದ ಅವಳು ಹೋದದ್ದು ಇನ್‌ಬಿಟ್ವೀನಿಂಗಿಗೇ. ಕೈ ಎತ್ತಿದ ಭಂಗಿ, ಇಳಿಸಿದ ಭಂಗಿ ಆನಿಮೇಟರ್ ಬರೆದಿಡುತ್ತಾನೆ, ಆ ಕೈ ನಿಜಕ್ಕೂ ಇಳಿಯುವುದು ನಡುವಿನ ಚಿತ್ರಗಳಲ್ಲಿ. ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ, ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸಿದರೂ ಸೆಕೆಂಡಿಗೆ 12 ಚಿತ್ರ ಬೇಕು, ಏಳು ನಿಮಿಷದ ಕಾರ್ಟೂನಿಗೆ 5,040. ಭಾರ ಎಲ್ಲಿ ಬೀಳುತ್ತದೆ, ವೇಗ ಎಲ್ಲಿ ತಗ್ಗುತ್ತದೆ ಎಂದು ಕೈಗೆ ಗೊತ್ತಾಗುವುದು ಇಲ್ಲೇ ಕಣೇ. ಇದನ್ನು ಬರೀ ಅನ್ನಬೇಡ.

ಶೇಮಸ್ ಕಲ್ಹೇನ್‌ರಂಥ ಹಿರಿಯ ಆನಿಮೇಟರ್ ಅವಳ ಬೆನ್ನಿಗೆ ನಿಂತರು. 1933ರಲ್ಲಿ ಲಿಲಿಯನ್ ಆನಿಮೇಟರ್ ಆದಳು, ಅಮೆರಿಕದ ಸ್ಟುಡಿಯೋಗಳಲ್ಲಿ ಆ ಕುರ್ಚಿಯಲ್ಲಿ ಕೂತ ಮೊದಮೊದಲ ಹೆಂಗಸರಲ್ಲಿ ಒಬ್ಬಳು. ಬೆಟ್ಟಿಯನ್ನೂ ಕಾರ್ಟೂನಿನ ನಾವಿಕ ಪೊಪಾಯ್‌ನನ್ನೂ ಕುಣಿಸಿದಳು. ಐದು ವರ್ಷದ ನಂತರವೂ, 1938ರಲ್ಲಿ, ಡಿಸ್ನಿ ಸ್ಟುಡಿಯೋ ಕೆಲಸ ಕೇಳಿದ ಹುಡುಗಿಯೊಬ್ಬಳಿಗೆ ಸೃಜನಶೀಲ ಕೆಲಸವೆಲ್ಲ ಗಂಡುಹುಡುಗರದು ಎಂದು ಪತ್ರ ಬರೆದಿತ್ತು. ಅಂಥ ಕಾಲದಲ್ಲಿ!

ಆದರೆ ಅವಳ ವಾರದ ಸಂಬಳ 30 ಡಾಲರ್, ಅದೇ ಕೆಲಸಕ್ಕೆ ಗಂಡಸರಿಗೆ 125. ನಲವತ್ತಕ್ಕೂ ಹೆಚ್ಚು ಕಾರ್ಟೂನುಗಳಿಗೆ ದುಡಿದಳು, ತೆರೆಯ ಮೇಲೆ ಹೆಸರು ಬಂದದ್ದು ಬೆರಳೆಣಿಕೆಯಷ್ಟರಲ್ಲಿ. ಫ್ಲೈಷರ್ ಚಿತ್ರಗಳ ಟೈಟಲ್ ಕಾರ್ಡಿನಲ್ಲಿ ಸಾಮಾನ್ಯವಾಗಿ ಇಬ್ಬರೇ ಆನಿಮೇಟರುಗಳ ಹೆಸರು ಇರುತ್ತಿತ್ತು, ಉಳಿದವರ ಶ್ರಮ ಲೆಕ್ಕಕ್ಕಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. 1937ರಲ್ಲಿ ಅಲ್ಲಿನ ಕೆಲಸಗಾರರು ತಿಂಗಳುಗಟ್ಟಲೆ ಮುಷ್ಕರ ಹೂಡಿದರು, ಮರುವರ್ಷ ಸ್ಟುಡಿಯೋ ಮಯಾಮಿಗೆ ಎತ್ತಂಗಡಿಯಾಯಿತು. 1939ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ, ಅವಳು ವೃತ್ತಿ ಬಿಟ್ಟು ಸಂಸಾರಕ್ಕೆ ನಿಂತಳು.

ಬಿಡುವಾದಾಗ ಆ ಹಳೆಯ ಬೆಟ್ಟಿ ಬೂಪ್ ಚಿತ್ರಗಳನ್ನು ಒಂದೊಂದೇ ಫ್ರೇಮ್ ಸರಿಸಿ ನೋಡು, ನಡುವಿನ ಚಿತ್ರಗಳನ್ನೇ ನೋಡು. ಮತ್ತೆ, ಕೆಲಸದ ಕರಾರು ಪತ್ರ ಬಂದ ಕೂಡಲೇ ನನಗೊಂದು ಪ್ರತಿ ಕಳಿಸು. ಸಂಬಳದ ಜೊತೆ, ಹೆಸರು ಹಾಕುವ ವಿಚಾರದಲ್ಲಿ ಏನು ಬರೆದಿದ್ದಾರೆ ಅಂತ ಇಬ್ಬರೂ ಕೂತು ಓದೋಣ. ಅಲ್ಲಿಯವರೆಗೆ ಸಹಿ ಹಾಕಬೇಡ.

ನಿನ್ನ
ಅಮ್ಮ