ಓದಿ ಹೇಳಿದ 20 ನಿಮಿಷ

ನೀರ್ಚಾಲು
ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಬೆಳಗ್ಗಿನಿಂದ ಮಳೆ ಬಿಟ್ಟಿಲ್ಲ. ಅಡಿಕೆ ತೋಟಕ್ಕೆ ಮೊದಲ ಸಲದ ಮದ್ದು ಬಿಟ್ಟಾಗಿದೆ, ಅಷ್ಟು ನೆಮ್ಮದಿ. ಬೋರ್ಡೋ ದ್ರಾವಣ ಕಲಸಿದ ಡ್ರಮ್ಮನ್ನು ಅಪ್ಪ ತೊಳೆದು ಅಂಗಳದಲ್ಲಿ ಕವುಚಿ ಹಾಕಿದ್ದಾರೆ. ನಾಳೆ ಮೇಲಿನ ಮನೆ ಮಾವ ಕಣ್ಣೂರು–ಬೆಂಗಳೂರು ರೈಲಿನಲ್ಲಿ ಹೊರಡುತ್ತಾರಂತೆ. ಹಲಸಿನಕಾಯಿ ಹಪ್ಪಳದ ಕಟ್ಟಿನ ಜೊತೆ ಈ ಪತ್ರವನ್ನೂ ಅವರ ಕೈಯಲ್ಲಿ ಕೊಡುತ್ತೇನೆ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಗುರುವಾರ ರಾತ್ರಿ ನೀನು ಅತ್ತಾಗ ನನಗೆ ಮಾತೇ ಬರಲಿಲ್ಲ. "ಊಟ ಮಾಡಿದೆಯಾ" ಅಂತ ಎರಡೆರಡು ಸಲ ಕೇಳಿದೆ, ಅಷ್ಟೇ. ಫೋನ್ ಇಟ್ಟ ಮೇಲೆ ನಿದ್ದೆ ಹತ್ತಲಿಲ್ಲ. ಹೇಳಬೇಕಾದದ್ದು ಬೇರೆ ಇತ್ತು.

ಫಂಡು, ಇನ್ಶೂರೆನ್ಸ್ ಮಾರುವ ಆ ಆಫೀಸಿಗೆ ಇಂಟರ್ನ್‌ಶಿಪ್‌ಗೆ ಹೋದ ಮೊದಲ ವಾರ ನೀನು ಎಷ್ಟು ಖುಷಿಯಲ್ಲಿದ್ದೆ! ಎಕ್ಸೆಲ್‌ನಲ್ಲಿ ಒಂದು ಸೂತ್ರ ಹಾಕಿದರೆ 20 ವರ್ಷದ ಲೆಕ್ಕ ಒಂದೇ ಕ್ಷಣದಲ್ಲಿ ಬರುತ್ತದೆ ಅಂತ ವಿಡಿಯೋ ಕಾಲ್‌ನಲ್ಲಿ ಅಪ್ಪನಿಗೆ ತೋರಿಸಿದ್ದೆ. ತಿಂಗಳಿಗೆ 5,000 ರೂಪಾಯಿಯಂತೆ ಮ್ಯೂಚುವಲ್ ಫಂಡಿಗೆ ಎಸ್‌ಐಪಿ ಕಟ್ಟಿ, ವರ್ಷಕ್ಕೆ ಶೇ. 12 ಬೆಳೆದರೆ 20 ವರ್ಷಕ್ಕೆ ಹತ್ತಿರ ಹತ್ತಿರ 50 ಲಕ್ಷ. ಅದೇ ಶೇ. 11 ಆದರೆ 44 ಲಕ್ಷವೂ ಇಲ್ಲ. ಆ ಒಂದು ಪರ್ಸೆಂಟಿಗೆ ಆರು ಲಕ್ಷ ಹೋಗುತ್ತದೆ ಅಂತ ಕೇಳಿ ಅಪ್ಪ ಸುಮಾರು ಹೊತ್ತು ಸುಮ್ಮನೆ ಕೂತಿದ್ದರು. ಏಜೆಂಟರ ಮೂಲಕ ಹೋದರೆ ಫಂಡಿನ ಖರ್ಚಿನಲ್ಲಿ ಅವರ ಕಮಿಷನ್ನೂ ಸೇರುತ್ತದೆ, 2013ರಿಂದ ನೇರವಾಗಿ ಕೊಳ್ಳುವ ಡೈರೆಕ್ಟ್ ಪ್ಲಾನ್ ಕೂಡ ಇದೆ ಅಂತ ನೀನೇ ಬಿಡಿಸಿ ಹೇಳಿದ್ದೆ. "ಇದನ್ನು ನಮಗೆ ಯಾರೂ ಹೇಳಿರಲಿಲ್ಲ ಅಲ್ವಾ" ಅಂತ ಅಪ್ಪ ಅಂದರು.

ಇನ್ನೊಂದು ದಿನ ನೀನು ನನ್ನನ್ನೇ ಕೇಳಿದೆ. ಬ್ಯಾಂಕಿನ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆಯಮ್ಮಾ, ನೀನು ದಿನಾ ಪಿಗ್ಮಿ ಎತ್ತುವ ಸಹಕಾರಿ ಸಂಘದ ದುಡ್ಡಿಗೂ ಇದೆಯಾ ಅಂತ. ಇಷ್ಟು ವರ್ಷ ಮನೆ ಮನೆ ಸುತ್ತಿದ್ದೇನೆ, ಒಬ್ಬರೂ ಆ ಪ್ರಶ್ನೆ ಕೇಳಿರಲಿಲ್ಲ. ಮಾರನೇ ದಿನ ಸೆಕ್ರೆಟರಿಯವರನ್ನು ಕೇಳಿದೆ. ಪ್ರಾಥಮಿಕ ಸಹಕಾರಿ ಸಂಘಗಳು ಆ ವಿಮೆಯ ಒಳಗೆ ಬರುವುದಿಲ್ಲ, ಕೇರಳದಲ್ಲಿ ಸಹಕಾರಿ ಠೇವಣಿಗಳಿಗೆ ಅಂತಲೇ ಬೇರೆ ಗ್ಯಾರಂಟಿ ನಿಧಿ ಇದೆ ಅಂದರು. ಈಗ ಹೊಸದಾಗಿ ಪಿಗ್ಮಿ ಶುರು ಮಾಡುವವರಿಗೆ ಇದನ್ನೂ ಹೇಳುತ್ತೇನೆ. ನಿನ್ನಿಂದ ಕಲಿತದ್ದು.

ಈಗ ಗುರುವಾರದ ವಿಷಯ. ನಾನು ಅರ್ಥ ಮಾಡಿಕೊಂಡದ್ದು ಸರಿಯಾ ನೋಡು. ಫಾರ್ಮುಗಳಲ್ಲಿ ಪ್ಯಾನ್, ಆಧಾರ್, ನಾಮಿನಿ, ಸಹಿ ಎಲ್ಲ ಸರಿ ಇದೆಯಾ ಅಂತ ನೋಡುವುದು ನಿನ್ನ ಕೆಲಸ. ಕೋಲಾರದ ಕಡೆಯ ಒಬ್ಬ ಅಜ್ಜಿಯ ಇನ್ಶೂರೆನ್ಸ್ ಫಾರ್ಮ್ ಬಂತು. ಫಾರ್ಮ್ ಪೂರ್ತಿ ಇಂಗ್ಲಿಷ್, ಅಜ್ಜಿಯ ಸಹಿ ಕನ್ನಡದಲ್ಲಿ. ಅಂಥ ಸಹಿ ಇದ್ದರೆ ಕೆಳಗೆ ಇನ್ನೊಬ್ಬರು ಸಹಿ ಹಾಕಬೇಕು. "ಇದರಲ್ಲಿ ಇರುವುದನ್ನೆಲ್ಲ ಇವರಿಗೆ ಗೊತ್ತಿರುವ ಭಾಷೆಯಲ್ಲಿ ವಿವರಿಸಿದ್ದೇನೆ" ಅಂತ. ವರ್ನಾಕ್ಯುಲರ್ ಡಿಕ್ಲರೇಶನ್ ಅಂದೆ ನೀನು. ಆ ಜಾಗ ಖಾಲಿ ಇತ್ತು. "ನೀನೇ ಒಂದು ಸಹಿ ಹಾಕಿಬಿಡು, ಎಲ್ಲರೂ ಹಾಗೇ ಮಾಡುವುದು" ಅಂದರು ನಿನ್ನ ಸೀನಿಯರ್.

ನೀನು ಹಾಕಲಿಲ್ಲ. ಅಜ್ಜಿಗೆ ಫೋನ್ ಮಾಡಿ ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದೆ. ಒಂದು ಸಲ ಕಟ್ಟಿದರೆ ಐದು ವರ್ಷಕ್ಕೆ ಬಡ್ಡಿ ಸಮೇತ ವಾಪಸು ಬರುತ್ತದೆ ಅಂತ ಅಜ್ಜಿ ತಿಳಿದಿದ್ದರು. ವರ್ಷ ವರ್ಷ ಕಟ್ಟಬೇಕು, ಅದೂ ಹತ್ತು ವರ್ಷ ಅಂತ ಗೊತ್ತಾದದ್ದೇ ತಡ, "ಬೇಡ ಕಣಮ್ಮ" ಅಂದರು. ಆ ಪಾಲಿಸಿ ಕೈತಪ್ಪಿಹೋಯಿತು. ಎಲ್ಲರ ಎದುರು ನಿನಗೆ ಬೈಗುಳ ಸಿಕ್ಕಿತು.

ಮಗಳೇ, ಆ ಖಾಲಿ ಜಾಗವನ್ನು ನಾನು ಮೊದಲೇ ನೋಡಿದ್ದೇನೆ. ನಮ್ಮ ಮನೆಯ ಕಾಗದದಲ್ಲಿ ಅದು ಖಾಲಿ ಇರಲಿಲ್ಲ.

ಆಗ ನೀನು ಸಣ್ಣವಳು, ಆರನೇ ಕ್ಲಾಸೋ ಏನೋ. ಎರಡು ಕ್ವಿಂಟಲ್ ಹಳೆ ಚಾಲಿ ಅಡಿಕೆ ಮಾರಿ ಬಂದ 50,000 ರೂಪಾಯಿಯನ್ನು ಅಜ್ಜ ಎಫ್‌ಡಿ ಇಡಲು ಹೋದರು. ಎಲ್ಲಿಗೆ ಅಂತ ಹೆಸರು ಬೇಡ. ಎಫ್‌ಡಿಗಿಂತ ಜಾಸ್ತಿ ಸಿಗುತ್ತದೆ ಅಂತ ಹೇಳಿ ಅಲ್ಲಿದ್ದವರು ಏಳೆಂಟು ಕಡೆ ಸಹಿ ಹಾಕಿಸಿಕೊಂಡರು. ಮಾರನೇ ವರ್ಷ ಇನ್ನೊಂದು 50,000 ಕಟ್ಟಿ ಅಂತ ನೋಟೀಸು ಬಂತು. ಆಗಲೇ ನಮಗೆ ಅದು ಎಫ್‌ಡಿ ಅಲ್ಲ, ಪಾಲಿಸಿ ಅಂತ ಗೊತ್ತಾದದ್ದು. ಬೇಡ ಅಂತ ವಾಪಸು ಕೊಡಲು ಆಗ 15 ದಿನ ಇತ್ತಂತೆ. ಈಗ 30 ದಿನ ಮಾಡಿದ್ದಾರೆ ಅಂತ ನೀನು ಹೇಳಿದೆ, ಒಳ್ಳೆಯದಾಯಿತು. ನಮಗೆ ಗೊತ್ತಾಗುವಾಗ ವರ್ಷ ಕಳೆದಿತ್ತು. ಮೂರು ವರ್ಷ ಕಟ್ಟದಿದ್ದರೆ ಒಂದು ರೂಪಾಯಿಯೂ ಸಿಗುವುದಿಲ್ಲ ಅಂದರು. ಮತ್ತೆ ಕಟ್ಟಲು ನಮ್ಮ ಹತ್ತಿರ ಇರಲಿಲ್ಲ. ಆ ವರ್ಷ ಕೊಳೆರೋಗ ಬಂದು ಅರ್ಧ ಫಸಲು ಉದುರಿತ್ತು.

ಆ ಕಾಗದಗಳನ್ನು ನಾನೂ ಅಪ್ಪನೂ ರಾತ್ರಿ ಕೂತು ನೋಡಿದೆವು. ಕೊನೆಯ ಪುಟದಲ್ಲಿ ಅಜ್ಜನ ದುಂಡು ದುಂಡು ಕನ್ನಡ ಸಹಿ. ಅದರ ಕೆಳಗೆ ನೀನು ಹೇಳಿದ ಅದೇ ಸಾಲು, ಅವರ ಭಾಷೆಯಲ್ಲಿ ವಿವರಿಸಿದ್ದೇನೆ ಅಂತ. ಅಲ್ಲಿ ಯಾರದೋ ಸಹಿ. ಆ ಹೆಸರಿನವರನ್ನು ಅಜ್ಜ ಕಂಡೇ ಇರಲಿಲ್ಲ.

1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರುವಾಗ ಅಜ್ಜ ಕನ್ನಡ ಶಾಲೆಗೆ ಹೋಗುತ್ತಿದ್ದ ಹುಡುಗ. ಅವರಿಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಇಂಗ್ಲಿಷ್ ಎರಡೂ ಇಲ್ಲ. ಕನ್ನಡ ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವ ಮನುಷ್ಯ, ಕೌಂಟರಿನ ಎದುರು ನಿಂತಾಗ ಓದು ಬಾರದವರ ಹಾಗೆ ತೋರಿಸಿದ ಕಡೆ ಸಹಿ ಹಾಕಬೇಕು. ನಮ್ಮ ಊರಿನಲ್ಲಿ ಇಂಥವರು ಎಷ್ಟು ಜನ ಇದ್ದಾರೆ! ಸುಮ್ನೆ ದುಡ್ಡು ಹೋದ ನೋವು ಅಲ್ಲ ಅದು. ಆಮೇಲೆ ಅಜ್ಜ ಬ್ಯಾಂಕಿಗೆ ಒಬ್ಬರೇ ಹೋದದ್ದು ನಾನು ನೋಡಿಲ್ಲ. ಅಪ್ಪನನ್ನೋ ನನ್ನನ್ನೋ ಕರೆದುಕೊಂಡೇ ಹೋಗುತ್ತಾರೆ.

ಆ ಸೀನಿಯರ್ ಹುಡುಗನ ಮೇಲೆ ನನಗೆ ಅಂಥ ಸಿಟ್ಟಿಲ್ಲ. ಅವನಿಗೂ ತಿಂಗಳ ಟಾರ್ಗೆಟ್ ಇರುತ್ತದೆ. ಅದು ಮನುಷ್ಯನನ್ನು ಹೇಗೆ ಮಾಡುತ್ತದೆ ಅಂತ ನನಗೆ ಗೊತ್ತು. ನಾನು ಹೊಸದಾಗಿ ಪಿಗ್ಮಿಗೆ ಸೇರಿದಾಗ ಕಲೆಕ್ಷನ್ ಜಾಸ್ತಿ ಮಾಡಿ ಅಂತ ಹೇಳಿದ್ದರು. ಬದಿಯಡ್ಕ ದಾರಿಯಲ್ಲಿ ಬೀಡಿ ಕಟ್ಟುವ ಒಬ್ಬ ಅಕ್ಕ ದಿನಕ್ಕೆ 20 ರೂಪಾಯಿ ಕಟ್ಟುತ್ತೇನೆ ಅಂದರೆ, 50 ಮಾಡಿ, ವರ್ಷಕ್ಕೆ 18,250 ಆಗುತ್ತದೆ ಅಂತ ಒತ್ತಾಯ ಮಾಡಿದೆ. ಮಧ್ಯದಲ್ಲಿ ಮುರಿದರೆ ಕಡಿತ ಇದೆ ಅಂತ ಹೇಳಲಿಲ್ಲ. ಎರಡು ತಿಂಗಳು ಕಟ್ಟಿದರು. ಆಮೇಲೆ ಒಂದು ಸಂಜೆ ಅವರ ಜಗಲಿಗೆ ಹೋದರೆ ಬೀಡಿ ಎಲೆಯ ಮೊರ ಹಾಗೇ ಇದೆ, ಕತ್ತರಿ ಅದರ ಮೇಲೆ, ಅರ್ಧ ಸುತ್ತಿದ ಒಂದು ಬೀಡಿ ಬಿಚ್ಚಿಕೊಳ್ಳುತ್ತಾ ಇದೆ. ನನ್ನ ಚಪ್ಪಲಿ ಸದ್ದು ಕೇಳಿ ಅವರು ಹಿಂಬಾಗಿಲಿನಿಂದ ಹೋಗಿದ್ದರು. ನಾನು ಅಲ್ಲೇ ನಿಂತು ಅತ್ತೆ. ಮಾರನೇ ದಿನ ಹೋಗಿ ಎಲ್ಲ ಬಿಡಿಸಿ ಹೇಳಿ 20ಕ್ಕೆ ಇಳಿಸಿದೆ. ಅವರು ಈಗಲೂ ನನ್ನ ಹತ್ತಿರ ಕಟ್ಟುತ್ತಾರೆ. ಮನೆಯ ಹಂಚು ತೆಗೆದು ತಾರಸಿ ಹಾಕಿಸುವಾಗ ಆ ದುಡ್ಡು ಒದಗಿತು.

ಈ ಪಿಗ್ಮಿ ಅನ್ನುವುದು ನಮ್ಮ ಕರಾವಳಿಯಲ್ಲೇ ಹುಟ್ಟಿದ್ದು, ಗೊತ್ತಲ್ಲ? 1925ರಲ್ಲಿ ಉಡುಪಿಯಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಅದನ್ನು ತಂದಿತು. ದಿನಕ್ಕೆ ಎರಡಾಣೆ. ಬ್ಯಾಂಕಿನ ಮೆಟ್ಟಿಲು ಹತ್ತಲು ಹೆದರುವ ಜನರ ಮನೆ ಬಾಗಿಲಿಗೇ ಹೋಗಿ, ಅವರ ಮಾತಿನಲ್ಲೇ ಮಾತಾಡಿ ಎತ್ತಿದ ದುಡ್ಡು. 2020ರಲ್ಲಿ ಆ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ನಾನು ಮಾತ್ರ ಈಗಲೂ ಬ್ಯಾಗಿನಲ್ಲಿ ಮಿಷಿನ್ ಹಾಕಿಕೊಂಡು ಅದೇ ಕೆಲಸ ಮಾಡುತ್ತಿದ್ದೇನೆ. ಒಂದು ಅಂಗಡಿಯಲ್ಲಿ ತುಳು, ಪಕ್ಕದ್ದರಲ್ಲಿ ಮಲಯಾಳ, ಅದರಾಚೆ ಬ್ಯಾರಿ, ಮನೆಗೆ ಬರುವಾಗ ಕನ್ನಡ. ನೀನು ಫೋನಿನಲ್ಲಿ ಮಾಡಿದ್ದೂ ಇದೇ ಕೆಲಸ.

ಸರ್ಟಿಫಿಕೇಟ್ ಕೊಡದಿದ್ದರೆ ಏನು ಮಾಡುವುದು ಅಂತ ಕೇಳಿದೆಯಲ್ಲ. ಇನ್ನು ಎರಡು ವಾರ ಅಷ್ಟೇ ಇದೆ. ಸಮಯಕ್ಕೆ ಸರಿಯಾಗಿ ಹೋಗು, ಕೊಟ್ಟ ಕೆಲಸ ಚೆನ್ನಾಗಿ ಮಾಡು. ಆ ಅಜ್ಜಿಯ ಹತ್ತಿರ ಏನು ಮಾತಾಡಿದೆ, ಯಾವ ದಿನ, ಎಷ್ಟು ಹೊತ್ತಿಗೆ ಅಂತ ಮೇಲಿನವರಿಗೆ ಒಂದು ಮೇಲ್ ಹಾಕಿಡು. ಮರ್ಯಾದೆಯಿಂದ ಬರಿ, ಯಾರನ್ನೂ ದೂರಬೇಡ. ಇಷ್ಟೆಲ್ಲ ಮಾಡಿಯೂ ಕೊಡದಿದ್ದರೆ ಬೇಡ, ಕಾಲೇಜಿಗೆ ನಾನೂ ಬಂದು ಮಾತಾಡುತ್ತೇನೆ. ಮ್ಯೂಚುವಲ್ ಫಂಡಿನವರ ಆ ಎನ್‌ಐಎಸ್‌ಎಂ ಪರೀಕ್ಷೆ ಬರೆಯಬೇಕು ಅಂದಿದ್ದೆಯಲ್ಲ, ಅದನ್ನು ಬಿಡಬೇಡ. ಫೀಸು ನನ್ನ ಕಮಿಷನ್ ದುಡ್ಡಿನಲ್ಲಿ ಕಟ್ಟುತ್ತೇನೆ. ಈ ಕೆಲಸವೇ ಬೇಡ ಅಂತ ಗುರುವಾರ ಅಂದೆ. ನನಗೆ ಹಾಗೆ ಅನಿಸುವುದಿಲ್ಲ. ಆ ಅಜ್ಜಿಯ ಫಾರ್ಮ್ ಬೇರೆಯವರ ಟೇಬಲ್ಲಿಗೆ ಹೋಗಿದ್ದರೆ ಏನಾಗುತ್ತಿತ್ತು ಅಂತ ನಿನಗೇ ಗೊತ್ತು.

ನಿನ್ನೆ ಸಂಜೆ ಎಲ್ಲವನ್ನೂ ಅಜ್ಜನಿಗೆ ಹೇಳಿದೆ. ಅಡಿಕೆ ಕತ್ತರಿಸುತ್ತಾ ಕೇಳಿದರು. "ಎಷ್ಟು ಹೊತ್ತು ಓದಿ ಹೇಳಿದಳು?" ಅಂದರು. 20 ನಿಮಿಷ ಅಂದೆ. "ಮಧ್ಯದಲ್ಲಿ ಆ ಹೆಂಗಸು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳಾ?" ಕೊಟ್ಟಳು ಅಂದೆ. ಮತ್ತೆ ಏನೂ ಮಾತಾಡಲಿಲ್ಲ. ಇವತ್ತು ಬೆಳಗ್ಗೆ ನೋಡಿದರೆ ಕಬ್ಬಿಣದ ಪೆಟ್ಟಿಗೆ ತೆಗೆದು ಆ ಹಳೆ ಪಾಲಿಸಿಯನ್ನು ಹೊರಗೆ ಇಟ್ಟಿದ್ದಾರೆ, ಪ್ಲಾಸ್ಟಿಕ್ ಕವರ್ ಒರೆಸಿ. ದುಡ್ಡು ಬರುವುದಿಲ್ಲ ಅಂತ ಅವರಿಗೆ ಗೊತ್ತಿದೆ. "ಅವಳು ಬಂದ ಮೇಲೆ ಒಂದು ಸಲ ನನಗೂ ಓದಿ ಹೇಳಲಿ" ಅಂದರು.

ಹಪ್ಪಳ ಗಾಳಿಗೆ ಇಡಬೇಡ, ಮೆತ್ತಗಾಗುತ್ತದೆ.

ನಿನ್ನ
ಅಮ್ಮ