ಮಂಚೂರಿಯಾದ ದಾರಿಯಲ್ಲಿ ಸಿಕ್ಕ ಧಾತು ಬರ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಮೊನ್ನೆ ಫೋನಿನಲ್ಲಿ ನೀನು "ಹೇಗೆ ನಡೆಯುತ್ತಿದೆಯಯ್ಯ ಹೊಸ ಮೇಷ್ಟರಿಕೆ?" ಎಂದು ಕೇಳಿದಾಗ "ಪರವಾಗಿಲ್ಲ" ಎಂದು ತೇಲಿಸಿಬಿಟ್ಟೆ. ಪಕ್ಕದಲ್ಲಿ ಸಹೋದ್ಯೋಗಿಗಳಿದ್ದರು. ಇವತ್ತು ಭಾನುವಾರ, ಮನೆಯಲ್ಲಿ ಯಾರೂ ಇಲ್ಲ, ಹೊರಗೆ ಶ್ರಾವಣದ ಜಿಟಿಜಿಟಿ ಮಳೆ. ಈಗ ನಿಜ ಬರೆಯುತ್ತೇನೆ.

ಹದಿನೇಳು ವರ್ಷ ಪಿಯು ಮಕ್ಕಳಿಗೆ ಇತಿಹಾಸ ಹೇಳಿದವನು ನಾನು. ನಡುರಾತ್ರಿ ಎಬ್ಬಿಸಿ ಕೇಳಿದರೂ ಮೊದಲ ಮಹಾಯುದ್ಧದ ಕಾರಣಗಳನ್ನು ಹತ್ತು ಅಂಕಕ್ಕೆ ಎಷ್ಟು, ಐದು ಅಂಕಕ್ಕೆ ಎಷ್ಟು ಎಂದು ಸೇರು ಪಾವಿನಲ್ಲಿ ಅಳೆದು ಕೊಡುತ್ತಿದ್ದೆ. ಅಂಥವನು ಈಗ ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್) ಎಂಬ ಅಂತರರಾಷ್ಟ್ರೀಯ ಪಠ್ಯಕ್ರಮದ ಡಿಪ್ಲೊಮಾದಲ್ಲಿ ಹೈಯರ್ ಲೆವೆಲ್ ಇತಿಹಾಸ ಕಲಿಸುತ್ತಿದ್ದೇನೆ. ಹನ್ನೊಂದು, ಹನ್ನೆರಡನೆಯ ತರಗತಿಗಳ ಎರಡು ವರ್ಷಗಳಲ್ಲಿ 240 ಗಂಟೆಗಳ ಪಾಠ. ನಾವು ಆರಿಸಿಕೊಂಡ ವಿಷಯಗಳೆಲ್ಲ ಹೆಚ್ಚುಕಡಿಮೆ ಇಪ್ಪತ್ತನೆಯ ಶತಮಾನದವು: ಜಪಾನ್, ಜರ್ಮನಿ, ಇಟಲಿಗಳು ಎರಡನೆಯ ಮಹಾಯುದ್ಧದತ್ತ ನಡೆದ ಬಗೆ, ಸರ್ವಾಧಿಕಾರಿ ಪ್ರಭುತ್ವಗಳು, ಶೀತಲ ಸಮರ. ತರಗತಿಯಲ್ಲಿ ಹನ್ನೊಂದೇ ಮಕ್ಕಳು. ತೊಂಬತ್ತು ಜನರ ಸೆಕ್ಷನ್ನಿನಲ್ಲಿ ಗಂಟಲು ಹರಿದುಕೊಳ್ಳುತ್ತಿದ್ದ ನನಗೆ ಮೊದಲ ವಾರ ಯಾರದೋ ಮನೆಯ ಪಡಸಾಲೆಯಲ್ಲಿ ಭಾಷಣ ಮಾಡುತ್ತಿದ್ದೇನೆ ಎನ್ನಿಸುತ್ತಿತ್ತು.

ನನ್ನನ್ನು ನಿಜವಾಗಿ ಅಲ್ಲಾಡಿಸಿದ್ದು ಮೊದಲ ಪ್ರಶ್ನೆಪತ್ರಿಕೆ. ನಾಲ್ಕು ಆಕರಗಳನ್ನು ಮುಂದಿಡುತ್ತಾರೆ: ಒಂದು ಭಾಷಣದ ತುಣುಕು, ಒಂದು ವ್ಯಂಗ್ಯಚಿತ್ರ, ಯಾರದೋ ವರದಿ, ಯಾವನೋ ಇತಿಹಾಸಕಾರನ ಒಂದು ಪುಟ ಹೀಗೆ. ಒಂದು ಗಂಟೆ, 24 ಅಂಕ. ಅದರಲ್ಲೊಂದು ನಾಲ್ಕು ಅಂಕದ ಪ್ರಶ್ನೆ ಇದೆ. ಇದನ್ನು ಯಾರು ಬರೆದರು, ಏಕೆ ಬರೆದರು, ಒಳಗೇನಿದೆ ಎಂಬುದನ್ನು ನೋಡಿ, ಇತಿಹಾಸಕಾರನಿಗೆ ಈ ಆಕರದ ಬೆಲೆ ಎಷ್ಟು, ಮಿತಿ ಎಲ್ಲಿ ಎಂದು ಬರೆಯಬೇಕು. ಅಷ್ಟೇ. ಆದರೆ ಮಾನಸಗಂಗೋತ್ರಿಯಲ್ಲಿ ಎಂಎ ಮುಗಿಸಿದ ನಾವಿಬ್ಬರೂ ಒಂದು ದಾಖಲೆಯನ್ನು ಹಾಗೆ ಹಿಡಿದು ನೋಡಿದ್ದು ಎಷ್ಟು ಸಲ ಹೇಳು? ಓದಿದೆವು, ಟಿಪ್ಪಣಿ ಮಾಡಿದೆವು, ಬರೆದೆವು.

ಮೊದಲ ದಿನ ಒಂದು ಆಟ ಆಡಿಸಿದೆ. ಇಪ್ಪತ್ತನೆಯ ಶತಮಾನ ಶುರುವಾದದ್ದು ಯಾವಾಗ ಎಂದು ಕೇಳಿದೆ. ಒಬ್ಬ 1901 ಎಂದ, ಲೆಕ್ಕದ ಹುಡುಗ. ಓದಿಕೊಂಡು ಬಂದಿದ್ದವಳೊಬ್ಬಳು 1914 ಎಂದಳು. ನಾನು 1905 ಎಂದೆ. ಆ ವರ್ಷದ ಮೇ ತಿಂಗಳಲ್ಲಿ ತ್ಸುಶಿಮಾ ಜಲಸಂಧಿಯಲ್ಲಿ ಜಪಾನ್ ರಷ್ಯಾದ ನೌಕಾಪಡೆಯನ್ನು ಮುಳುಗಿಸಿತು, ಅದೇ ವರ್ಷ ಇಲ್ಲಿ ಬಂಗಾಳ ಒಡೆಯಿತು. ಮಕ್ಕಳ ಕಣ್ಣರಳಿತು. ನನಗೂ ಒಳಗೊಳಗೇ ಖುಷಿ. ಇಂಥ ಕೊಂಡಿ ಹಾಕುವುದರಲ್ಲಿ ನಾನು ನಿಸ್ಸೀಮ ಎಂದು ನೀನೇ ಹಂಗಿಸುತ್ತಿದ್ದೆಯಲ್ಲ? ಆ ಚಾಳಿಯೇ ಎರಡನೆಯ ವಾರ ನನ್ನನ್ನು ಹಳ್ಳಕ್ಕೆ ಕೆಡವಿತು. ಅದನ್ನು ಹೇಳಲೆಂದೇ ಈ ಪತ್ರ.

ಪಾಠ ಚೀನಾದ ಈಶಾನ್ಯ ಭಾಗವಾದ ಮಂಚೂರಿಯಾದ್ದು. 1931ರ ಸೆಪ್ಟೆಂಬರ್ 18ರ ರಾತ್ರಿ ಮುಕ್ಡೆನ್ ಬಳಿ ಜಪಾನಿಯರ ರೈಲು ಹಳಿಯ ಮೇಲೆ ಸ್ಫೋಟವಾಯಿತು. ಹಚ್ಚಿದವರು ಜಪಾನಿನ ಕ್ವಾಂಟುಂಗ್ ಸೇನೆಯ ಅಧಿಕಾರಿಗಳೇ. ಹಾನಿ ಎಷ್ಟು ಅಲ್ಪವೆಂದರೆ ಸ್ವಲ್ಪ ಹೊತ್ತಿನಲ್ಲೇ ಅದೇ ಹಳಿಯ ಮೇಲೆ ರೈಲು ಹಾದುಹೋಯಿತು. ಆ ನೆಪದಲ್ಲಿ ಇಡೀ ಮಂಚೂರಿಯಾವನ್ನು ನುಂಗಿ, ಮಂಚುಕುವೊ ಎಂಬ ಹೆಸರಿಟ್ಟು, ಚೀನಾದ ಕೊನೆಯ ದೊರೆ ಪುಯಿಯನ್ನು ಗೊಂಬೆಯಂತೆ ಕೂರಿಸಿದರು. ಚೀನಾ ದೂರಿತು, ವಿಶ್ವಸಂಸ್ಥೆಗೂ ಮೊದಲಿದ್ದ ರಾಷ್ಟ್ರಸಂಘ ತನಿಖೆಗೆ ಐವರ ಆಯೋಗ ಕಳಿಸಿತು. 1932ರ ಅಕ್ಟೋಬರ್‌ನಲ್ಲಿ ಪ್ರಕಟವಾದ ಅದರ ವರದಿಯೇ ನಮ್ಮ ಆಕರ.

ಬರೆದವರು ಯಾರು ಎಂಬಲ್ಲಿಂದ ಶುರು ಮಾಡಿದೆವು. ಆಯೋಗದ ಅಧ್ಯಕ್ಷ ಲಾರ್ಡ್ ಲಿಟ್ಟನ್ ಬಂಗಾಳದ ಗವರ್ನರ್ ಆಗಿದ್ದವನು. ಜರ್ಮನಿಯ ಸದಸ್ಯ ಶ್ನೀ ಜರ್ಮನ್ ಪೂರ್ವ ಆಫ್ರಿಕಾದ ಗವರ್ನರ್ ಆಗಿದ್ದವನು. ಅಮೆರಿಕದ ಜನರಲ್ ಮೆಕಾಯ್ ಫಿಲಿಪ್ಪೀನ್ಸ್‌ನಲ್ಲಿ ಸೇವೆ ಮಾಡಿ ಬಂದವನು. "ಸರ್, ಬೇರೆಯವರ ದೇಶ ಹಿಡಿಯುವುದು ತಪ್ಪೆಂದು ಜಪಾನಿಗೆ ಹೇಳಲು ಹೊರಟವರು ಇವರೇ?" ಎಂದು ಒಬ್ಬ ನಕ್ಕ. ತರಗತಿಯೆಲ್ಲ ನಕ್ಕಿತು.

ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಈ ಲಿಟ್ಟನ್ ಹುಟ್ಟಿದ್ದು ಶಿಮ್ಲಾದಲ್ಲಿ, 1876ರ ಆಗಸ್ಟ್‌ನಲ್ಲಿ. ಆಗ ಅವನಪ್ಪನೇ ವೈಸ್‌ರಾಯ್. 1876 ಎಂದರೆ ಯಾವ ಸಂವತ್ಸರ? ಧಾತು! ಮುದ್ದೆ ಮಿಕ್ಕಿಸಿದರೆ ನನ್ನಜ್ಜಿ "ಧಾತು ಬರದಲ್ಲಿ ಹುಟ್ಟಿದ್ದರೆ ಗೊತ್ತಾಗುತ್ತಿತ್ತು ನಿನಗೆ" ಎಂದು ಗದರುತ್ತಿದ್ದಳಲ್ಲ, ಅದೇ ಧಾತು, ಅದರ ಬೆನ್ನಿಗೆ ಬಂದ ಈಶ್ವರ. ಅಜ್ಜಿಯೂ ಅದನ್ನು ಕಂಡವಳಲ್ಲ, ಅವಳ ಅಜ್ಜಿಯ ಬಾಯಿಂದ ಕೇಳಿದವಳು. 1871ರ ಗಣತಿಯಲ್ಲಿ ಐವತ್ತು ಲಕ್ಷ ದಾಟಿದ್ದ ಮೈಸೂರು ಸೀಮೆಯ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಜನ ಹಾಗೆ ಸಾಯುತ್ತಿದ್ದಾಗ, 1877ರ ಜನವರಿ 1ರಂದು, ಅಪ್ಪ ಲಿಟ್ಟನ್ ದಿಲ್ಲಿಯಲ್ಲಿ ದರ್ಬಾರು ನಡೆಸಿ ವಿಕ್ಟೋರಿಯಾಳನ್ನು ಭಾರತದ ಸಾಮ್ರಾಜ್ಞಿ ಎಂದು ಸಾರಿದ. ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿ, "ಅಂಥವನ ಮಗ ಬರೆದ ವರದಿ ಇದು" ಎಂದು ಮುಗಿಸಿದೆ. ನಮ್ಮ ಹಳೆಯ ಕಾಲೇಜಾಗಿದ್ದರೆ ಹಿಂದಿನ ಬೆಂಚಿನವರೂ ಚಪ್ಪಾಳೆ ತಟ್ಟುತ್ತಿದ್ದರು.

ಕಿಟಕಿಯ ಪಕ್ಕ ಕೂರುವ ಹುಡುಗಿ ಕೈ ಎತ್ತಿದಳು. ಹದಿನಾರು ವರ್ಷ, ಮಾತು ಕಡಿಮೆ. "ಸರ್, ಬರ ಬಂದಾಗ ಆ ಲಿಟ್ಟನ್ ತೊಟ್ಟಿಲಲ್ಲಿದ್ದ. ಅಪ್ಪ ಮಾಡಿದ್ದು ಮಗನ ವರದಿಯ ಮಿತಿ ಹೇಗಾಗುತ್ತದೆ? ವರದಿಯಲ್ಲಿ ಅದು ಕಾಣುವ ಸಾಲು ಯಾವುದು?"

ಸಾಲು ನನ್ನ ಬಳಿ ಇರಲಿಲ್ಲ. ಬಾಯಿಗೆ ಬಂದದ್ದೇನೋ ಹೇಳಿ ಗಂಟೆ ಹೊಡೆಯುವುದನ್ನು ಕಾದೆ. ನಗಬೇಡ.

ಆ ರಾತ್ರಿ ವರದಿಯನ್ನು ತೆಗೆದು ಕೂತೆ. ಸ್ಫೋಟದ ರಾತ್ರಿಯ ಜಪಾನಿನ ಸೇನಾ ಕಾರ್ಯಾಚರಣೆಯನ್ನು ನ್ಯಾಯವಾದ ಆತ್ಮರಕ್ಷಣೆ ಎನ್ನಲಾಗದು ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಸ್ಥಳದಲ್ಲಿದ್ದ ಅಧಿಕಾರಿಗಳು ತಾವು ಆತ್ಮರಕ್ಷಣೆ ಮಾಡಿಕೊಳ್ಳುತ್ತಿದ್ದೇವೆ ಎಂದು ನಂಬಿದ್ದಿರಲೂಬಹುದು ಎಂದು ಮೆತ್ತಗೆ ಒಂದು ಬಾಗಿಲನ್ನೂ ತೆರೆದಿಡುತ್ತದೆ. ಮಂಚುಕುವೊ ಅಲ್ಲಿನ ಜನ ತಾವಾಗಿ ಬಯಸಿ ಕಟ್ಟಿದ ದೇಶವಲ್ಲ ಎಂದೂ ಬರೆಯುತ್ತದೆ. ಬಂಗಾಳ ಆಳಿದವನ ವರದಿ ಎಂದು ತಳ್ಳಿಹಾಕಲು ಹೊರಟವನಿಗೆ ಇದು ಇರುಸುಮುರುಸೇ. ಮಾತು ಸರಿಯಾಗಿಯೇ ಇತ್ತಲ್ಲ! ಆಮೇಲೆ ಪರಿಹಾರದ ಭಾಗಕ್ಕೆ ಬಂದೆ. ಮಂಚೂರಿಯಾ ಚೀನಾದ ಸಾರ್ವಭೌಮತ್ವದಡಿಯಲ್ಲಿ ಸ್ವಾಯತ್ತವಾಗಿರಲಿ, ಆದರೆ ಅಲ್ಲಿ ವಿದೇಶಿ ಸಲಹೆಗಾರರಿರಲಿ, ಅವರಲ್ಲಿ ಗಣನೀಯ ಪಾಲು ಜಪಾನಿಯರಾಗಿರಲಿ ಎನ್ನುತ್ತದೆ ವರದಿ. ಓದುತ್ತ ಓದುತ್ತ ನಮ್ಮ ಮೈಸೂರಿನ ರೆಸಿಡೆಂಟ್ ಸಾಹೇಬರು ಕಣ್ಣಮುಂದೆ ಬಂದರು. ಸಿಂಹಾಸನದ ಮೇಲೆ ಒಡೆಯರು, ಪಕ್ಕದಲ್ಲಿ ಸಲಹೆ ಕೊಡುವ ಬಿಳಿಯ. ಗವರ್ನರ್ ಆಗಿದ್ದವನಿಗೆ ಇದು ಸಹಜವಾಗಿ ಹೊಳೆಯಬಹುದಾದ ಏರ್ಪಾಡು.

ಮರುದಿನ ಆ ಸಾಲನ್ನು ಹಲಗೆಯ ಮೇಲೆ ಬರೆದೆ. ಕಿಟಕಿಯ ಪಕ್ಕದವಳು ಎರಡು ಸಲ ಓದಿ, "ಇದಾದರೆ ವಾದ ಮಾಡಬಹುದು ಸರ್. ಆದರೆ 'ಬಹುದು' ಎಂದೇ ಬರೆಯಬೇಕು" ಎಂದಳು. ಧಾತು ಬರದ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಅಂದಹಾಗೆ, ರಾಷ್ಟ್ರಸಂಘದ ಸಭೆ 1933ರ ಫೆಬ್ರುವರಿ 24ರಂದು, ಆ ವರದಿಯನ್ನು ಆಧರಿಸಿದ ತನ್ನದೇ ವರದಿಯನ್ನು 42 ಮತಗಳಿಂದ ಒಪ್ಪಿತು. ವಿರುದ್ಧ ಬಿದ್ದದ್ದು ಜಪಾನಿನ ಒಂದೇ ಮತ, ಸಯಾಮ್ (ಇಂದಿನ ಥಾಯ್ಲೆಂಡ್) ತಟಸ್ಥವಾಗಿತ್ತು. ಜಪಾನಿನ ಪ್ರತಿನಿಧಿ ಮತ್ಸುವೊಕಾ ಎದ್ದು ಹೊರನಡೆದ. ಮಂಚೂರಿಯಾ ಮಾತ್ರ 1945ರವರೆಗೆ ಜಪಾನಿನ ಹಿಡಿತದಲ್ಲೇ ಉಳಿಯಿತು.

ಇನ್ನೊಂದು ಸುದ್ದಿ ನಿನಗೆ ಇಷ್ಟವಾದೀತು. ಮಕ್ಕಳು ತಾವೇ ಒಂದು ವಿಷಯ ಹಿಡಿದು 2,200 ಪದಗಳೊಳಗೆ ಸಂಶೋಧನೆ ಬರೆಯಬೇಕು. ಕೊಡಗಿನ ಹುಡುಗನೊಬ್ಬ ಜನರಲ್ ತಿಮ್ಮಯ್ಯನವರ ಬಗ್ಗೆ ಬರೆಯುತ್ತೇನೆಂದು ಹಟ ಹಿಡಿದಿದ್ದಾನೆ. ಮಡಿಕೇರಿಯ 'ಸನ್ನಿ ಸೈಡ್' ಮನೆ ಈಗ ವಸ್ತುಸಂಗ್ರಹಾಲಯವಾಗಿದೆ, ಅವನು ಎರಡು ಸಲ ನೋಡಿ ಬಂದಿದ್ದಾನೆ. ತಂದ ಶೀರ್ಷಿಕೆ "ತಿಮ್ಮಯ್ಯ: ಒಬ್ಬ ಮಹಾನ್ ಸೇನಾನಿ". ಇದು ಪ್ರಶ್ನೆಯಲ್ಲ, ಸನ್ಮಾನ ಪತ್ರ ಎಂದೆ. ಮೂರು ದಿನ ಮುನಿಸಿಕೊಂಡಿದ್ದ. ಆಮೇಲೆ ಇಬ್ಬರೂ ಕೂತು ಕೊರಿಯಾಕ್ಕೆ ಹೋದೆವು. 1953ರ ಕದನವಿರಾಮದ ನಂತರ, ತಮ್ಮ ದೇಶಕ್ಕೆ ಮರಳಲು ಒಲ್ಲೆನೆಂದ ಯುದ್ಧಕೈದಿಗಳನ್ನು ನೋಡಿಕೊಳ್ಳಲು ಐದು ತಟಸ್ಥ ದೇಶಗಳ ಆಯೋಗ ರಚನೆಯಾಯಿತಲ್ಲ, ಅದರ ಅಧ್ಯಕ್ಷರು ತಿಮ್ಮಯ್ಯನವರೇ. ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಕೈದಿಗಳು, ಒಬ್ಬೊಬ್ಬರಿಗೂ ಅವರವರ ದೇಶದವರು ಬಂದು ತಿಳಿಹೇಳಲು 90 ದಿನಗಳ ಅವಕಾಶ. ಶಿಬಿರಗಳ ಒಳಗೆ ಕೈದಿಗಳದೇ ಗುಂಪುಗಳ ದರ್ಬಾರು. ಕೊನೆಗೆ ಆ ಕಡೆಯೂ ಬೇಡ, ಈ ಕಡೆಯೂ ಬೇಡ ಎಂದ 88 ಜನ ನಮ್ಮ ಸೈನಿಕರೊಂದಿಗೆ ಹಡಗು ಹತ್ತಿ ಭಾರತಕ್ಕೆ ಬಂದರು. ಈಗ ಹುಡುಗನ ಪ್ರಶ್ನೆ: ಕೈದಿಯ ಆಯ್ಕೆ ಅವನದೇ ಆಯ್ಕೆಯಾಗಿರುವಂತೆ ನೋಡಿಕೊಳ್ಳಲು ಆ ಆಯೋಗಕ್ಕೆ ಎಷ್ಟರ ಮಟ್ಟಿಗೆ ಸಾಧ್ಯವಾಯಿತು? ಉತ್ತರ ತಿಮ್ಮಯ್ಯನವರಿಗೆ ಪೂರ್ತಿ ಹಿತವಾಗದಿದ್ದರೆ ಎಂದು ಕೇಳಿದ. ಬರೆದು ನೋಡು ಎಂದಿದ್ದೇನೆ. ಅದೇ ಯುದ್ಧ 1950ರ ಜೂನ್‌ನಲ್ಲಿ ಆರಂಭವಾದಾಗ ಭದ್ರತಾ ಮಂಡಳಿಯ ಅಧ್ಯಕ್ಷ ಪೀಠದಲ್ಲಿದ್ದವರು ನಮ್ಮ ಮಂಗಳೂರಿನ ಬೆನಗಲ್ ನರಸಿಂಗರಾಯರು ಎಂಬುದನ್ನು ಅವನಿಗೆ ಇನ್ನೂ ಹೇಳಿಲ್ಲ. ನಾಲಿಗೆ ಕಚ್ಚಿ ಹಿಡಿದಿದ್ದೇನೆ. ತಾನೇ ಹುಡುಕಲಿ.

ಈಗ ನನ್ನ ಕೋರಿಕೆ. ನಿಮ್ಮ ಮನೆಯ ಅಟ್ಟದಲ್ಲಿ ಮುತ್ತಜ್ಜ ಶಾನುಭೋಗರ ಲೆಕ್ಕದ ಪುಸ್ತಕಗಳಿದ್ದವಲ್ಲ? ಎಂಎ ಓದುವಾಗ ನೀನು ಒಂದನ್ನು ಹಾಸ್ಟೆಲ್ಲಿಗೆ ತಂದು, "ಇದು ಧಾತು ವರ್ಷದ್ದು" ಎಂದು ತೋರಿಸಿದ್ದೆ. ನಾನು "ಗೆದ್ದಲು ಸಾಕಲು ತಂದಿದ್ದೀಯಾ?" ಎಂದು ಗೇಲಿ ಮಾಡಿದ್ದೆ. ಆ ಗೇಲಿಯನ್ನು ವಾಪಸು ತೆಗೆದುಕೊಳ್ಳುತ್ತೇನೆ. ಅದರಲ್ಲಿ ಬರದ ಬಗ್ಗೆ ಏನಿದೆಯೋ, ಏನೂ ಇಲ್ಲವೋ, ಇದ್ದರೂ ಶಾನುಭೋಗರು ಮೇಲಿನವರಿಗೆ ತೋರಿಸಲು ಬರೆದದ್ದೋ ಏನೋ. ತರಗತಿಯಲ್ಲಿ ಕನ್ನಡ ಓದಬಲ್ಲವರು ನಾಲ್ವರು, ಹಳೆಯ ಲೆಕ್ಕಪತ್ರಗಳ ಮೋಡಿ ಅಕ್ಷರ ಓದಬಲ್ಲವರು ಒಬ್ಬರೂ ಇಲ್ಲ, ನನ್ನನ್ನೂ ಸೇರಿಸಿ. ಆದ್ದರಿಂದ ಪುಸ್ತಕವನ್ನಷ್ಟೇ ಕಳಿಸಿದರೆ ಸಾಲದು, ನೀನೂ ಬರಬೇಕು. ಪರೀಕ್ಷೆಗೆ ಇದು ಬರುವುದಿಲ್ಲ ಎಂದು ಮಕ್ಕಳಿಗೆ ಮೊದಲೇ ಹೇಳಿದ್ದೇನೆ. ಆದರೂ ನೋಡುತ್ತೇವೆ ಎಂದಿದ್ದಾರೆ.

ದಸರಾ ರಜೆಗೆ ಮುಂಚೆ ಒಂದು ಶುಕ್ರವಾರ ಬಿಡುವು ಮಾಡಿಕೊ. ತಿಪಟೂರಿನಿಂದ ಬೆಳಗಿನ ರೈಲು ಹಿಡಿದರೆ ಯಶವಂತಪುರದಲ್ಲಿ ನಾನೇ ಬಂದು ಕಾಯುತ್ತೇನೆ. ಪುಸ್ತಕವನ್ನು ಹಳೆಯ ಪಂಚೆಯಲ್ಲಿ ಸುತ್ತಿಕೊಂಡು ಬಾ, ಪ್ಲಾಸ್ಟಿಕ್ ಬೇಡ. ಒಂದು ಮಾತು: ಬರೆದವರು ನಿನ್ನ ಮುತ್ತಜ್ಜ ಎಂದು ಮೊದಲೇ ಬಾಯಿಬಿಡಬೇಡ. ಕಿಟಕಿಯ ಪಕ್ಕದವಳು ಹೇಗೂ ಕೇಳುತ್ತಾಳೆ.

ಇಂತಿ ನಿನ್ನ,
ಹಳೆಯ ಹಾಸ್ಟೆಲ್ ಜೊತೆಗಾರ