ಕೆಳಗಿನ ತೋಟ ಮಾರಬೇಡಿ

ಓಕ್‌ಹರ್ಸ್ಟ್, ಕ್ಯಾಲಿಫೋರ್ನಿಯಾ
ಮೇ 10, 2025

ತೀರ್ಥರೂಪ ಅಪ್ಪಯ್ಯನಿಗೂ ಆಯಿಗೂ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ಅಣ್ಣ, ಅತ್ತಿಗೆ, ಮಾಣಿ ಎಲ್ಲರೂ ಆರಾಮ ಇದ್ದೀರಿ ಅಂದುಕೊಂಡಿದ್ದೇನೆ.

ಅಪ್ಪಯ್ಯ, ನಿಮ್ಮ ಕಾಗದ ಮೊನ್ನೆ ಗುರುವಾರ ಬಂತು. ನಮ್ಮ ಮನೆಯ ಇನ್ಶೂರೆನ್ಸ್ ಹೋಯಿತು ಅಂತ ಕೇಳಿ, ಕೆಳಗಿನ ತೋಟ ಮಾರಿ ನಮಗೆ ದುಡ್ಡು ಕಳಿಸುತ್ತೇವೆ ಅಂತ ಬರೆದಿದ್ದೀರಿ. ಓದಿದ ಮೇಲೆ ರಾತ್ರಿ ನಿದ್ದೆ ಬರಲಿಲ್ಲ. ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಕೆಳಗಿನ ತೋಟ ಮಾರುವ ಯೋಚನೆ ಬಿಡಿ. ಯಾರ ಹತ್ತಿರವೂ ಆ ಮಾತು ಎತ್ತಬೇಡಿ. ಯಾರಿಂದಾದರೂ ಅಡ್ವಾನ್ಸ್ ತೆಗೆದುಕೊಂಡಿದ್ದರೆ ವಾಪಸ್ ಕೊಟ್ಟುಬಿಡಿ. ಫೋನಿನಲ್ಲಿ ಹೇಳೋಣ ಅಂದರೆ ನಿಮಗೆ ಸರಿಯಾಗಿ ಕೇಳುವುದಿಲ್ಲ, ಆಯಿ ಅಳುತ್ತಾಳೆ, ಅವಳು ಅತ್ತರೆ ನಾನೂ ಅಳುತ್ತೇನೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಅಣ್ಣನೇ ಗಟ್ಟಿಯಾಗಿ ಓದಿ ಹೇಳಲಿ. ಅವನಿಗೂ ಇದು ಗೊತ್ತಾಗಬೇಕು.

ಅತ್ತಿಗೆಗೆ ಇನ್ಶೂರೆನ್ಸ್ ವಿಷಯ ಅರ್ಧ ಹೇಳಿ ಫೋನ್ ಇಟ್ಟದ್ದು ನನ್ನ ತಪ್ಪು. ಪೂರ್ತಿ ಕೇಳಿ. ನಮ್ಮ ಮನೆಗೆ ಇನ್ಶೂರೆನ್ಸ್ ಕೊಟ್ಟಿದ್ದ ಕಂಪನಿ, ಜುಲೈಯಿಂದ ಮುಂದುವರಿಸುವುದಿಲ್ಲ ಅಂತ ಕಾಗದ ಕಳಿಸಿದೆ. ನಾವು ಒಂದು ಸಲವೂ ಅವರಿಂದ ದುಡ್ಡು ಕೇಳಿದವರಲ್ಲ. ಒಂದು ಕಂತೂ ತಪ್ಪಿಸಿಲ್ಲ. ಮನೆ ಕಾಡಿನ ಪಕ್ಕ ಇದೆ, ಬೆಂಕಿಯ ಅಪಾಯ ಜಾಸ್ತಿ, ಅಷ್ಟೇ ಕಾರಣ. ನಮ್ಮ ರಸ್ತೆಯಲ್ಲಿ ಇನ್ನೂ ನಾಲ್ಕು ಮನೆಗೆ ಅದೇ ಕಾಗದ ಬಂದಿದೆ. ಹಾಗಂತ ಬೀದಿಗೆ ಬಿದ್ದಿಲ್ಲ. 75 ದಿನ ಮೊದಲೇ ತಿಳಿಸಬೇಕು ಅಂತ ಇಲ್ಲಿ ಕಾನೂನಿದೆ. ಯಾರೂ ಇನ್ಶೂರೆನ್ಸ್ ಕೊಡದ ಮನೆಗಳಿಗಾಗಿ ಫೇರ್ ಪ್ಲ್ಯಾನ್ ಅಂತ ಒಂದು ವ್ಯವಸ್ಥೆ 1968ರಿಂದ ಇದೆ. ಅದಕ್ಕೆ ಅರ್ಜಿ ಹಾಕಿದ್ದೇವೆ. ಅದು ಮುಖ್ಯವಾಗಿ ಬೆಂಕಿಗೆ ಮಾತ್ರ. ಪೈಪ್ ಒಡೆದರೆ, ಕಳ್ಳತನವಾದರೆ ಅದಕ್ಕೆ ಬೇರೆ ಪಾಲಿಸಿ ಬೇಕು. ಎರಡೂ ಸೇರಿ ತಿಂಗಳಿಗೆ ಸುಮಾರು 290 ಡಾಲರ್ ಜಾಸ್ತಿ ಬೀಳುತ್ತದೆ. ಇವರು ತಿಂಗಳಿಗೆ ಎರಡು ಶನಿವಾರ ಹೆಚ್ಚಿಗೆ ಡ್ಯೂಟಿ ಮಾಡುತ್ತಾರೆ. ಹೊಸ ಕಾರು ಈ ವರ್ಷ ಬೇಡ ಅಂತ ಮಾಡಿದ್ದೇವೆ. ಲೆಕ್ಕ ಸರಿಹೋಯಿತು. ಇಷ್ಟಕ್ಕೆ ತೋಟ ಮಾರುತ್ತಾರಾ ಅಪ್ಪಯ್ಯ?

ಆಯಿ, ನೀನು ಜನವರಿಯಲ್ಲಿ ಟಿವಿಯಲ್ಲಿ ನೋಡಿದ್ದು ಲಾಸ್ ಏಂಜಲೀಸ್. ಪ್ಯಾಲಿಸೇಡ್ಸ್, ಈಟನ್ ಅಂತ ಎರಡು ದೊಡ್ಡ ಬೆಂಕಿ ಒಂದೇ ದಿನ, ಜನವರಿ 7ಕ್ಕೆ, ಶುರುವಾದವು. 16,000ಕ್ಕೂ ಜಾಸ್ತಿ ಕಟ್ಟಡ ಹೋದವು. ಅದು ನಮ್ಮಿಂದ ಕಾರಿನಲ್ಲಿ ನಾಲ್ಕು ನೂರು ಕಿಲೋಮೀಟರ್ ದೂರ. ನಮಗೆ ಆಗ ಹೊಗೆಯೂ ಬರಲಿಲ್ಲ. ನಮ್ಮದು ಸಿಯೆರಾ ನೆವಾಡಾ ಬೆಟ್ಟದ ಬುಡ, ಯೊಸೆಮಿಟಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವ ದಾರಿಯಲ್ಲಿ. ಇಲ್ಲಿ ಜನವರಿ ಅಂದರೆ ಮಳೆ, ಮೇಲೆ ಬೆಟ್ಟದಲ್ಲಿ ಹಿಮ. ನಮ್ಮ ಹೆದರಿಕೆಯ ಕಾಲ ಬೇರೆ. ಈಗ ಮೇ ತಿಂಗಳಿಗೆ ಹುಲ್ಲು ಹಳದಿಯಾಗುತ್ತದೆ. ಜುಲೈಯಿಂದ ಅಕ್ಟೋಬರ್ ತನಕ ಜೀವ ಕೈಯಲ್ಲಿ ಹಿಡಿದುಕೊಂಡೇ ಇರುವುದು. ಅಯ್ಯೋ, ಹಾಗೆ ಬರೆಯಬಾರದಿತ್ತು. ಎಚ್ಚರವಾಗಿರುತ್ತೇವೆ ಅಂತ ಓದಿಕೊ.

ಒಂದು ವಿಷಯ ನಿಮಗೆ ಆಗ ಹೇಳಿರಲಿಲ್ಲ. ಬಚ್ಚಿಟ್ಟದ್ದಕ್ಕೆ ಬೈಯಬೇಡಿ. 2020ರ ಸೆಪ್ಟೆಂಬರ್‌ನಲ್ಲಿ ನಾವು ಹತ್ತು ದಿನ ಫ್ರೆಸ್ನೋದಲ್ಲಿ ಸ್ನೇಹಿತರ ಮನೆಯಲ್ಲಿದ್ದೆವಲ್ಲ, ಅದು ಸುಮ್ನೆ ಹೋದದ್ದಲ್ಲ. ಕ್ರೀಕ್ ಫೈರ್ ಅಂತ ದೊಡ್ಡ ಬೆಂಕಿ ಬಂದಿತ್ತು. ಸೆಪ್ಟೆಂಬರ್ 4ಕ್ಕೆ ಹತ್ತಿದ್ದು, ಪೂರ್ತಿ ಹತೋಟಿಗೆ ಬಂದಾಗ ಡಿಸೆಂಬರ್ ಕೊನೆ. ಸುಮಾರು 3 ಲಕ್ಷ 80 ಸಾವಿರ ಎಕರೆ ಸುಟ್ಟಿತು. ಮ್ಯಾಮತ್ ಪೂಲ್ ಅಂತ ಒಂದು ಅಣೆಕಟ್ಟಿನ ಕೆರೆ ಇದೆ. ಅಲ್ಲಿ ರಜೆಗೆ ಹೋದವರಿಗೆ ದಾರಿ ಮುಚ್ಚಿಹೋಯಿತು. ಸೇನೆಯ ಹೆಲಿಕಾಪ್ಟರ್‌ಗಳು ಆ ಹೊಗೆಯಲ್ಲೇ ಇಳಿದು 200ಕ್ಕೂ ಜಾಸ್ತಿ ಜನರನ್ನು ಎತ್ತಿ ತಂದವು. ನಮ್ಮ ಕಡೆ ಹಗಲಲ್ಲೇ ಆಕಾಶ ಕುಂಕುಮದ ಬಣ್ಣವಾಗಿತ್ತು. ಕಾರಿನ ಮೇಲೆಲ್ಲ ಬೂದಿ. ಇಲ್ಲಿ ಮೊದಲು ಎಚ್ಚರಿಕೆ ಕೊಡುತ್ತಾರೆ, ಆಮೇಲೆ ಹೊರಡಿ ಅಂತ ಆದೇಶ. ನಾವು ಆದೇಶಕ್ಕೆ ಕಾಯಲಿಲ್ಲ. ಎಚ್ಚರಿಕೆ ಬಂದ ಅರ್ಧ ಗಂಟೆಯಲ್ಲಿ ಹೊರಟಿದ್ದೆವು. ವಾಪಸ್ ಬಂದಾಗ ಮನೆ ಇದ್ದ ಹಾಗೇ ಇತ್ತು. ದೇವರ ಗೂಡಿನ ಮೇಲೂ ತೆಳ್ಳಗೆ ಬೂದಿ ಕೂತಿತ್ತು, ಅಷ್ಟೇ.

ಅಪ್ಪಯ್ಯ, ಮರಗಳೆಲ್ಲ ಯಾಕೆ ಸಾಯುತ್ತಿವೆ ಅಂತ ಕೇಳಿದ್ದೀರಿ. ಫೋಟೋದಲ್ಲಿ ಕೆಂಪಗೆ ಕಾಣುತ್ತಿದ್ದದ್ದು ಹೂವಲ್ಲ, ಒಣಗಿದ ಪೈನ್ ಎಲೆ. 2012ರಿಂದ 2016ರ ತನಕ ಇಲ್ಲಿ ಮಳೆ, ಹಿಮ ಎರಡೂ ಕೈಕೊಟ್ಟವು. ಪೈನ್ ಮರದ ತೊಗಟೆಯಲ್ಲಿ ಒಂದು ದುಂಬಿ ಕೊರೆಯುತ್ತದೆ. ಅಕ್ಕಿ ಕಾಳಿನಷ್ಟೇ ಇರುವುದು. ಮರಕ್ಕೆ ನೀರಿದ್ದರೆ ರಾಳ ಸುರಿಸಿ ಅದನ್ನು ಹೊರಗೆ ದೂಡುತ್ತದೆ. ನೀರಿಲ್ಲದ ಮರಕ್ಕೆ ರಾಳ ಎಲ್ಲಿಂದ ಬರಬೇಕು? ಕ್ಯಾಲಿಫೋರ್ನಿಯಾದಲ್ಲಿ ಹೀಗೆ ಸತ್ತ ಮರ 12 ಕೋಟಿ 90 ಲಕ್ಷ ಅಂತ 2017ರಲ್ಲಿ ಅರಣ್ಯದವರು ಲೆಕ್ಕ ಕೊಟ್ಟರು. ಅದರಲ್ಲಿ ಜಾಸ್ತಿ ಪೆಟ್ಟು ಬಿದ್ದದ್ದು ನಮ್ಮ ದಕ್ಷಿಣ ಸಿಯೆರಾಕ್ಕೇ.

ಮಳೆ ಒಂದನ್ನೇ ದೂರಿದರೆ ಆಗದು. ಇಲ್ಲಿ ಮರ ತೀರಾ ಒತ್ತಾಗಿ ಬೆಳೆದಿವೆ. ಇರುವ ನೀರನ್ನು ಹತ್ತು ಮರ ಹಂಚಿಕೊಂಡರೆ ಎಲ್ಲಕ್ಕೂ ಬಾಯಾರಿಕೆಯೇ. ಮೊದಲು ಹೀಗಿರಲಿಲ್ಲವಂತೆ. ಪಕ್ಕದ ನಾರ್ತ್ ಫೋರ್ಕ್ ಕಡೆ ಮೋನೋ ಜನ ಇದ್ದಾರೆ, ಈ ಬೆಟ್ಟದ ಮೂಲ ನಿವಾಸಿಗಳು. ಅವರು ತಲೆತಲಾಂತರದಿಂದ ಸಣ್ಣ ಬೆಂಕಿ ಹಾಕಿ ಕಾಡಿನ ನೆಲ ಸ್ವಚ್ಛ ಇಡುತ್ತಿದ್ದರು. ಸುಟ್ಟ ಪೊದೆಯಿಂದ ಚಿಗುರುವ ನೆಟ್ಟನೆಯ ಕಡ್ಡಿಯಲ್ಲೇ ಅವರು ಬುಟ್ಟಿ ಹೆಣೆಯುವುದು. ಬಿಳಿಯರು ಬಂದು ಅದನ್ನು ನಿಲ್ಲಿಸಿದರು. 1935ರಲ್ಲಂತೂ, ಎಲ್ಲಿ ಬೆಂಕಿ ಕಂಡರೂ ಮರುದಿನ ಬೆಳಿಗ್ಗೆ 10 ಗಂಟೆಯೊಳಗೆ ಹತೋಟಿಗೆ ತರಬೇಕು ಅಂತ ಅಮೆರಿಕದ ಅರಣ್ಯ ಇಲಾಖೆ ನಿಯಮ ಮಾಡಿತು. ಹಾಗೆ ಸುಡದೆ ಉಳಿದು ಒತ್ತಾದ ಗಿಡಮರಗಳ ಸಾಲವನ್ನು ಈಗ ಬಡ್ಡಿ ಸಮೇತ ತೀರಿಸುತ್ತಿದ್ದೇವೆ. ಕಳೆದ ಚಳಿಗಾಲದಲ್ಲಿ ಮೋನೋ ಜನ ಬೆಂಕಿ ಹಾಕುವುದನ್ನು ನೋಡಲು ಹೋಗಿದ್ದೆವು. ಮೊಣಕಾಲೆತ್ತರದ ಜ್ವಾಲೆ, ಸುತ್ತ ಮಕ್ಕಳು, ಮುದುಕರು. ಯಾರಿಗೂ ಹೆದರಿಕೆ ಇಲ್ಲ. ಬೆಂಕಿ ಕಂಡು ನನಗೆ ಸಮಾಧಾನವಾದದ್ದು ಈ ಊರಿಗೆ ಬಂದಮೇಲೆ ಅದೇ ಮೊದಲು.

ನಮ್ಮ ಮನೆಯ ಹತ್ತಿರ ಇದ್ದ ನಾಲ್ಕು ಸತ್ತ ಪೈನ್ ತೆಗೆಸಿಯಾಗಿದೆ. ದೂರದ ಎರಡನ್ನು ಬಿಟ್ಟಿದ್ದೇವೆ. ಅವು ಬಿದ್ದರೂ ಮನೆಗಾಗಲಿ ರಸ್ತೆಗಾಗಲಿ ತಾಗುವುದಿಲ್ಲ. ಅದರಲ್ಲೊಂದರ ತುಂಬ ಮರಕುಟಿಗ ತೂತು ಕೊರೆದು, ಒಂದೊಂದು ತೂತಿಗೂ ಒಂದೊಂದು ಓಕ್ ಕಾಯಿ ತುರುಕಿ ಇಟ್ಟಿದೆ. ಚಳಿಗಾಲಕ್ಕೆ ಅದರ ಕಣಜ. ಮಾಣಿಗೆ ಫೋಟೋ ಕಳಿಸಿದ್ದೇನೆ, ನೋಡಿ.

ಆಯಿ, ನೀನು ಬೇಸಿಗೆಯಲ್ಲಿ ಮನೆ ಸುತ್ತ ದರಕು ಗುಡಿಸುತ್ತಿದ್ದೆಯಲ್ಲ, ಇಲ್ಲಿ ಅದಕ್ಕೆ ಕಾನೂನೇ ಇದೆ! ಮನೆಯ ಸುತ್ತ 100 ಅಡಿ ನೋಡಿಕೊಳ್ಳಬೇಕು. ಹುಲ್ಲು 4 ಅಂಗುಲಕ್ಕಿಂತ ಎತ್ತರ ಬಿಡುವ ಹಾಗಿಲ್ಲ. ಗೋಡೆಯಿಂದ 5 ಅಡಿ ಒಳಗೆ ಉರಿಯುವಂಥದ್ದು ಏನೂ ಇಲ್ಲದಿದ್ದರೆ ಬಹಳ ಒಳ್ಳೆಯದು ಅನ್ನುತ್ತಾರೆ. ಅದಕ್ಕೆ ನನ್ನ ಮಲ್ಲಿಗೆ ಬಳ್ಳಿಯನ್ನು ಕಿತ್ತು ದೂರ ನೆಟ್ಟೆ. ಬದುಕಿದೆ, ಚಿಂತೆ ಬೇಡ. ಬೆಂಕಿ ಗೋಡೆಯ ಹಾಗೆ ನಡೆದು ಬಂದು ಮನೆ ಸುಡುತ್ತದೆ ಅಂತ ನಾನು ಅಂದುಕೊಂಡಿದ್ದೆ. ಹಾಗಲ್ಲ. ಗಾಳಿಗೆ ಕಿಡಿಗಳು ಎಷ್ಟೋ ದೂರದಿಂದ ಹಾರಿ ಬರುತ್ತವೆ. ಮಾಡಿನ ಅಂಚಿನಲ್ಲಿ ಮಳೆನೀರು ಹರಿಯುವ ದೋಣಿಯಲ್ಲಿ ಒಣ ಎಲೆ ಇದ್ದರೆ ಅಲ್ಲಿ ಕೂರುತ್ತವೆ. ಗಾಳಿ ಆಡುವ ಕಿಂಡಿಯೊಳಗೆ ನುಗ್ಗಿ ಅಟ್ಟದಲ್ಲಿ ಹತ್ತಿಕೊಳ್ಳುತ್ತವೆ. ಆಗ ಮನೆ ಒಳಗಿನಿಂದಲೇ ಉರಿಯುತ್ತದೆ. ಇವರು ಏಣಿ ಹಾಕಿ ಎಲ್ಲಾ ಕಿಂಡಿಗೂ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ ಹೊಡೆದರು. ಎರಡು ಭಾನುವಾರದ ಕೆಲಸ. ಖರ್ಚು ಬಹಳ ಕಡಿಮೆ. ಮನೆ ಉಳಿಸುವುದು ಇಂಥ ಕೆಲಸ ಅಪ್ಪಯ್ಯ. ನೀವು ತೋಟ ಮಾರಿ ಲಕ್ಷಗಟ್ಟಲೆ ಕಳಿಸಿದರೂ ಆ ದುಡ್ಡು ಒಂದು ಕಿಡಿಯನ್ನೂ ತಡೆಯುವುದಿಲ್ಲ.

ಕೆಳಗಿನ ಇಳಿಜಾರಿಗೆ ಆಡುಗಳನ್ನು ಬಾಡಿಗೆಗೆ ತರಿಸಿದ್ದೆವು. ಅಣ್ಣ ನಂಬುವುದಿಲ್ಲ. ನೂರಾರು ಆಡು ಲಾರಿಯಲ್ಲಿ ಬರುತ್ತವೆ, ಸುತ್ತ ಕರೆಂಟಿನ ಬಲೆ ಬೇಲಿ, ಕಾವಲಿಗೆ ಎಮ್ಮೆಕರುವಿನಷ್ಟು ದೊಡ್ಡ ಬಿಳಿ ನಾಯಿ. ಮುಳ್ಳಿನ ಪೊದೆಯನ್ನೂ ಬಿಡದೆ ಮೇಯ್ದವು. ಒಣ ಕಡ್ಡಿ ಸುಡಲು ಮಾತ್ರ ಈ ತಿಂಗಳಿಂದ ಪರವಾನಗಿ ಬೇಕು. ರಾಶಿ 4 ಅಡಿಗಿಂತ ದೊಡ್ಡದಾಗಬಾರದು, ಪಕ್ಕದಲ್ಲಿ ನೀರು, ಗುದ್ದಲಿ ಇರಬೇಕು. ಇವತ್ತು ಸುಡಬಹುದಾ ಅಂತ ಬೆಳಿಗ್ಗೆ ಫೋನ್ ಮಾಡಿ ಕೇಳಬೇಕು. ನನಗೆ ಇದು ಇಷ್ಟ. ನಮ್ಮಲ್ಲೂ ಹೀಗೇ ಇದ್ದರೆ ಬೇಸಿಗೆಯಲ್ಲಿ ಬೆಟ್ಟ ಅಷ್ಟು ಸುಡುತ್ತಿರಲಿಲ್ಲ.

ಕಳೆದ ತಿಂಗಳು ನಮ್ಮ ರಸ್ತೆಯವರ ಸಭೆ ಆಯಿತು. ಅಕ್ಕಪಕ್ಕದ ಮನೆಯವರು ಸೇರಿ ಬೆಂಕಿಯ ಅಪಾಯ ಕಡಿಮೆ ಮಾಡಿಕೊಳ್ಳಲು ಫೈರ್‌ವೈಸ್ ಅಂತ ಒಂದು ವ್ಯವಸ್ಥೆ ಇದೆ. ಕನಿಷ್ಠ ಎಂಟು ಮನೆಯವರು ಸೇರಬೇಕು. ಮನೆಗೆ ವರ್ಷಕ್ಕೆ ಒಂದು ಗಂಟೆಯ ಲೆಕ್ಕದಲ್ಲಾದರೂ ದುಡಿಯಬೇಕು ಅಥವಾ ಅಷ್ಟು ಖರ್ಚು ಮಾಡಬೇಕು. ಅದರಿಂದ ಇನ್ಶೂರೆನ್ಸ್‌ನಲ್ಲೂ ಸ್ವಲ್ಪ ರಿಯಾಯಿತಿ ಸಿಗಬಹುದು. ನಾವು ಹದಿನಾಲ್ಕು ಮನೆ ಸೇರಿದೆವು. ಆ ಸಭೆಯಲ್ಲಿ ಒಬ್ಬರು, ಹಳ್ಳದ ದಂಡೆಯನ್ನು ಪೂರ್ತಿ ಸವರಿಬಿಡೋಣ, ಬೆಂಕಿಗೆ ಏನೂ ಸಿಗಬಾರದು ಅಂದರು. ಬಹಳ ಜನ ತಲೆ ಆಡಿಸಿದರು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತೆ. ಕೈ ನಡುಗುತ್ತಿತ್ತು. ಒಣ ಮರ ತೆಗೆಯಿರಿ, ಕೆಳಗಿನ ಒಣ ಕೊಂಬೆ ತೆಗೆಯಿರಿ, ಆದರೆ ದಂಡೆಯ ಹಸಿ ಮರದ ಬೇರು ಮುಟ್ಟಬೇಡಿ ಅಂದೆ. ನಮ್ಮ ತೋಟದ ತಲೆಯಲ್ಲಿರುವ ಒರತೆಯ ಸುತ್ತ ನಮ್ಮಪ್ಪ ಇವತ್ತಿಗೂ ಕತ್ತಿ ಆಡಿಸಲು ಬಿಡುವುದಿಲ್ಲ, ಅದಕ್ಕೇ ಏಪ್ರಿಲ್‌ನಲ್ಲೂ ನೀರು ಬರುತ್ತದೆ ಅಂತ ಹೇಳಿದೆ. ಎಲ್ಲರೂ ಸುಮ್ಮನೆ ಕೇಳಿದರು.

ಅವರಿಗೂ ಗೊತ್ತಿರುವ ವಿಷಯವೇ ಅದು. ಬೆಂಕಿ ಜೋರಾಗಿ ಉರಿದ ಕಡೆ ಮಣ್ಣು ಮೇಣ ಬಳಿದ ಹಾಗಾಗುತ್ತದೆ. ಮೇಲೆ ಬಿದ್ದ ಮಳೆ ಒಳಗೆ ಇಂಗುವುದಿಲ್ಲ. ಬೂದಿ, ಮಣ್ಣು, ಕಲ್ಲು ಎಲ್ಲ ಎಳೆದುಕೊಂಡು ಹಳ್ಳಕ್ಕೆ ಬರುತ್ತದೆ. ಬೋಳಾದ ದಂಡೆಗೆ ಅದನ್ನು ಹಿಡಿಯುವ ಶಕ್ತಿ ಇಲ್ಲ. ನಮ್ಮ ಹಳ್ಳ ಫ್ರೆಸ್ನೋ ನದಿಗೆ ಸೇರುತ್ತದೆ. ಈ ಬೆಟ್ಟಗಳ ಹಿಮ ಕರಗಿದ ನೀರಿನಿಂದಲೇ ಕೆಳಗಿನ ಬಯಲಿನ ದ್ರಾಕ್ಷಿ, ಬಾದಾಮಿ ತೋಟಗಳು ಬದುಕಿರುವುದು. ಕೊನೆಗೆ ದಂಡೆಯಲ್ಲಿ ಆಲ್ಡರ್, ವಿಲ್ಲೋ ಮರ ಉಳಿಸಿ, ಒಣಗಿದ್ದನ್ನು ಮಾತ್ರ ಕೈಯಿಂದ ತೆಗೆಯುವುದು ಅಂತಾಯಿತು. ಮಷೀನು ಹಳ್ಳಕ್ಕೆ ಇಳಿಸುವುದಿಲ್ಲ. ಅಪ್ಪಯ್ಯ, ಅಲ್ಲಿ ಎಲ್ಲರ ಎದುರು ಹೇಳಿದ ಒರತೆ ಇರುವುದು ಯಾವ ತೋಟದಲ್ಲಿ? ನೀವು ಮಾರಲು ಹೊರಟಿರುವ ತೋಟದಲ್ಲೇ ಅಲ್ವಾ?

ಅದು ನಿನ್ನ ಪಾಲು, ನಾವಿರುವಾಗಲೇ ಕೊಟ್ಟುಬಿಡುತ್ತೇವೆ ಅಂತ ಬರೆದಿದ್ದೀರಿ. ಆ ಸಾಲನ್ನು ನಾಲ್ಕು ಸಲ ಓದಿದೆ. ನನಗೆ ಪಾಲು ಅಂತ ಇದ್ದರೆ ಅದು ಅಲ್ಲೇ ಇರಲಿ. ಕೊಳೆರೋಗ ಬಂದ ವರ್ಷವೂ ಅಣ್ಣ ಬಿಡದೆ ನೋಡಿಕೊಂಡ ತೋಟ ಅದು. ಅವನು ನಿಮ್ಮೆದುರು ಏನೂ ಅನ್ನುವುದಿಲ್ಲ ಅಂತ ನನಗೆ ಗೊತ್ತು. ಅವನ ಪರವಾಗಿ ನಾನೇ ಹೇಳುತ್ತಿದ್ದೇನೆ.

ಮನೆ ಮಾರಿ ವಾಪಸ್ ಬನ್ನಿ ಅಂತಲೂ ಬರೆದಿದ್ದೀರಿ. ಈಗಲೇ ಅಲ್ಲ ಅಪ್ಪಯ್ಯ. ಪುಟ್ಟಿಯ ಶಾಲೆ ಇದೆ, ಇವರ ಕೆಲಸ ಇದೆ. ನನಗೂ ಈ ಬೆಟ್ಟ ಪರಕೀಯ ಅನ್ನಿಸುವುದು ನಿಂತಿದೆ. ಒಂದೇ ಒಂದು ವಿಷಯ ನನಗೆ ನಿಜವಾಗಿ ಚಿಂತೆ. ನಮ್ಮ ಕಡೆಯಿಂದ ಹೊರಗೆ ಹೋಗಲು ಒಂದೇ ರಸ್ತೆ. 2018ರಲ್ಲಿ ಪ್ಯಾರಡೈಸ್ ಅನ್ನುವ ಊರು ಸುಟ್ಟಾಗ ಆ ಬೆಂಕಿಯಲ್ಲಿ 85 ಜನ ಹೋದರು. ಹೊರಟವರ ಕಾರುಗಳು ದಾರಿಯಲ್ಲೇ ಸಿಕ್ಕಿಹಾಕಿಕೊಂಡಿದ್ದವು. ಅದಕ್ಕೆ ಹಿಂದಿನ ಜಮೀನಿನವರ ಹತ್ತಿರ ಮಾತಾಡಿ, ಅವರ ಗೇಟು ತೆರೆಯುವ ಹಾಗೆ ಮಾಡಿಕೊಂಡಿದ್ದೇವೆ. ಕೀಲಿ ಮೂರು ಮನೆಯಲ್ಲಿದೆ, ನಮ್ಮಲ್ಲೂ ಒಂದಿದೆ. ಗಾಳಿ ಜೋರಿದ್ದ ದಿನ ಕರೆಂಟ್ ತೆಗೆಯುತ್ತಾರೆ, ಬಾವಿಯ ಪಂಪ್ ನಿಲ್ಲುತ್ತದೆ. ಹಾಗಾಗಿ ಟ್ಯಾಂಕ್ ಯಾವಾಗಲೂ ತುಂಬಿರುತ್ತದೆ. ಬಾಗಿಲ ಹತ್ತಿರ ಚೀಲ ಸಿದ್ಧ ಇದೆ: ಪಾಸ್‌ಪೋರ್ಟ್, ಔಷಧಿ, ಪುಟ್ಟಿಯ ಬಟ್ಟೆ, ನಿಮ್ಮಿಬ್ಬರ ಮದುವೆಯ ಫೋಟೋ. ರಾಜ್ಯದ ಬೆಟ್ಟಗಳ ಮೇಲೆ ಸಾವಿರಕ್ಕೂ ಜಾಸ್ತಿ ಕ್ಯಾಮೆರಾ ಇಟ್ಟು ಹಗಲು ರಾತ್ರಿ ಹೊಗೆ ನೋಡುತ್ತಾರೆ. ಅಲರ್ಟ್ ಕ್ಯಾಲಿಫೋರ್ನಿಯಾ ಅಂತ, ಮಾಣಿಗೆ ಹೇಳಿದರೆ ಮೊಬೈಲಿನಲ್ಲಿ ತೋರಿಸುತ್ತಾನೆ. ನೀವೇ ಕೂತು ನೋಡಬಹುದು. ಏನೂ ಆಗುವುದಿಲ್ಲ. ಖಂಡಿತ ಏನೂ ಆಗುವುದಿಲ್ಲ. ಆಯಿ, ದೇವರಿಗೆ ಹೇಳಿಕೊಂಡ ಹರಕೆಯೇ ಸಾಕು, ಊಟ ಬಿಡಬೇಡ.

ಕೆಳಗೆ ಕೊಂಬೆ ಪುಡಿ ಮಾಡುವ ಗಾಡಿ ಬಂತು. ಇವತ್ತು ನಮ್ಮ ಸರದಿ, ಅವರು ಕಾಯುವುದಿಲ್ಲ. ಇವರು ಆಗಲೇ ಕೈಗವಸು ಹಾಕಿಕೊಂಡು ಕೂಗುತ್ತಿದ್ದಾರೆ. ಅಪ್ಪಯ್ಯ, ಕಣ್ಣಿನ ಔಷಧಿ ತಪ್ಪಿಸಬೇಡಿ. ಕಾಗದ ತಲುಪಿದ ಕೂಡಲೇ ಅಣ್ಣನ ಫೋನಿನಿಂದ ‘ಮಾರುವುದಿಲ್ಲ’ ಅಂತ ಒಂದು ಮೆಸೇಜ್ ಹಾಕಿಸಿ. ಅದು ಬರುವ ತನಕ ನಾನು ದಿನಾ ನೋಡುತ್ತಿರುತ್ತೇನೆ.

ನಿಮ್ಮ ಮಗಳು